ಗದಗ ಸೀಮೆಯ ಗುಡಿಗಳೂ ಹಗಲುಬೆಳಕಿನ ಹವ್ಯಾಸಿ ಛಾಯಾಗ್ರಾಹಕರೂ

ಗದಗ ಸೀಮೆಯ ಗುಡಿಗಳ ವಾಸ್ತುವನ್ನು ಕುರಿತು ಇಂದು ಪಠ್ಯಪುಸ್ತಕಗಳಲ್ಲಿಯೂ ಪ್ರವಾಸಿ ಕೈಪಿಡಿಗಳಲ್ಲಿಯೂ ಕಾಣುವ ತಿಳಿವಳಿಕೆಗೆ ಬುನಾದಿ ಬಿದ್ದದ್ದು ಬಹುಮಟ್ಟಿಗೆ 1855ರಿಂದ 1857ರವರೆಗಿನ ಮೂರು ವರ್ಷಗಳಲ್ಲಿ, ಅದೂ ಕಟ್ಟಡಶಾಸ್ತ್ರವನ್ನಾಗಲಿ ಪುರಾತತ್ತ್ವವನ್ನಾಗಲಿ ಕ್ರಮವಾಗಿ ಕಲಿಯದೆ, ಸೇನೆಯ ನೌಕರಿಯ ನಡುವೆ ಛಾಯಾಗ್ರಹಣವನ್ನು ಹವ್ಯಾಸವಾಗಿ ರೂಢಿಸಿಕೊಂಡಿದ್ದ ಕೆಲವೇ ಜನರ ಕೈಯಿಂದ. ಅವರ ಬಳಿ ಇದ್ದ ಬೆಳಕು ಬಿಸಿಲೊಂದೇ. ಹುಬ್ಬಳ್ಳಿಯ ಕಡೆಯಿಂದ ಬಿಂಕದಕಟ್ಟಿಯನ್ನು ಹಾದು ಗದಗವನ್ನು ಸೇರಿ, ಅಲ್ಲಿಂದ ಮೂಡಲ ಲಕ್ಕುಂಡಿಗೂ ಇನ್ನಷ್ಟು ತೆಂಕಣಕ್ಕಿರುವ ಡಂಬಳಕ್ಕೂ ಹೋಗುವ ಈ ಎರೆಭೂಮಿಯಲ್ಲಿ ಮರಗಳ ನೆರಳು ವಿರಳ. ಮಳೆಗಾಲ ಕಳೆದರೆ ಮುಗಿಲಿನಲ್ಲಿ ಮೋಡದ ಸುಳಿವೂ ಇರುವುದಿಲ್ಲ. ಇಂಥ ಬಯಲಿನ ಬೆಳಕಿನಲ್ಲಿ ಯಾವ ಗೋಡೆ ಚಿತ್ರಕ್ಕೆ ದಕ್ಕಿತೋ ಅದು ಗ್ರಂಥಗಳಿಗೂ ದಕ್ಕಿತು, ಯಾವುದು ನೆರಳಿನಲ್ಲಿ ಉಳಿಯಿತೋ ಅದು ಬಹುಕಾಲ ಇತಿಹಾಸದ ಹೊರಗೇ ಉಳಿಯಿತು. ಆದ್ದರಿಂದ ಆ ಚಿತ್ರಗಳ ಚರಿತ್ರೆಯನ್ನು ಅರಿಯದೆ ಈ ಕಟ್ಟಡಗಳ ಚರಿತ್ರೆಯನ್ನು ಪೂರ್ತಿಯಾಗಿ ಅರಿಯಲಾಗದು.

ಈ ಕಟ್ಟಡಗಳು ಒಂಟಿ ಗುಡಿಗಳಾಗಿ ನಿಂತವುಗಳಲ್ಲ ಎಂಬುದನ್ನು ಮೊದಲಿಗೇ ಹೇಳಬೇಕು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ಎಂದರೆ ಹತ್ತನೆಯ ಶತಮಾನದ ಕೊನೆಯಿಂದ ಹನ್ನೆರಡನೆಯ ಶತಮಾನದ ಕೊನೆಯವರೆಗೆ, ದೊಡ್ಡ ದೇವಾಲಯವೊಂದರ ಸುತ್ತ ಮಠ, ಪಾಠಶಾಲೆ, ಛತ್ರ, ಬಾವಿ, ಆಚಾರ್ಯರ ವಸತಿ ಇವೆಲ್ಲ ಸೇರಿ ಒಂದು ವಿದ್ಯೆಯ ಆವರಣವೇ ಬೆಳೆಯುತ್ತಿತ್ತು. ವೇದಶಾಸ್ತ್ರಗಳನ್ನು ಬಲ್ಲ ಬ್ರಾಹ್ಮಣರಿಗೆ ಕರಮುಕ್ತವಾಗಿ ಕೊಟ್ಟ ಊರಿಗೆ ಅಗ್ರಹಾರವೆಂದೂ, ನಗರದೊಳಗಿನ ಅಂಥ ಕೇರಿಗೆ ಬ್ರಹ್ಮಪುರಿಯೆಂದೂ, ಉನ್ನತ ವ್ಯಾಸಂಗದ ಸಂಸ್ಥೆಗೆ ಘಟಿಕಾಸ್ಥಾನವೆಂದೂ ಶಾಸನಗಳಲ್ಲಿ ಹೆಸರುಗಳಿವೆ. ಗದಗದ ತ್ರಿಕೂಟೇಶ್ವರ ಗುಡಿಯಲ್ಲಿ, ಒಂದೇ ಪೀಠದ ಮೇಲೆ ಮೂರು ಲಿಂಗಗಳಿರುವ ಈ ಕ್ಷೇತ್ರದಲ್ಲಿ, ಶೈವರಲ್ಲಿ ವಿದ್ವತ್ತಿಗೆ ಹೆಸರಾದ ಕಾಳಾಮುಖ ಪಂಥದ ಆಚಾರ್ಯರು ನೆಲೆಸಿದ್ದರು. 1192ರಲ್ಲಿ ಹೊಯ್ಸಳರ ಇಮ್ಮಡಿ ಬಲ್ಲಾಳನು ಹೊಂಬಳಲು ಎಂಬ ಊರನ್ನು, ಎಂದರೆ ಇಂದಿನ ಹೊಂಬಳವನ್ನು, ಈ ದೇವರಿಗೆ ದತ್ತಿಯಾಗಿ ಬಿಟ್ಟಾಗ ಅದನ್ನು ಸ್ವೀಕರಿಸಿದವರು ಸಿದ್ಧಾಂತಿ ಚಂದ್ರಭೂಷಣ ಪಂಡಿತರು. ಲಕ್ಕುಂಡಿಯಲ್ಲಿ, ಅಂದಿನ ಲೊಕ್ಕಿಗುಂಡಿಯಲ್ಲಿ, ದಾನಚಿಂತಾಮಣಿಯೆಂದು ಖ್ಯಾತಳಾದ ಅತ್ತಿಮಬ್ಬೆ 1007ರಲ್ಲಿ ಬ್ರಹ್ಮಜಿನಾಲಯವನ್ನು ಕಟ್ಟಿಸಿದಳು. ಧರ್ಮವೊಳಲೆಂದು ಕರೆಯಲಾಗುತ್ತಿದ್ದ ಡಂಬಳದಲ್ಲಿ ಹದಿನಾರು ಶೆಟ್ಟಿಗಳು ಕಟ್ಟಿಸಿದ ಬೌದ್ಧವಿಹಾರವೊಂದು ಇತ್ತೆಂಬುದನ್ನು 1095ರ ಶಾಸನ ಹೇಳುತ್ತದೆ. ಪುಲಿಗೆರೆಯಲ್ಲಿ, ಇಂದಿನ ಲಕ್ಷ್ಮೇಶ್ವರದಲ್ಲಿ, ಜೈನಬಸದಿಗಳೂ ಎತ್ತರದ ಪ್ರಾಕಾರದೊಳಗಿನ ಸೋಮೇಶ್ವರ ಗುಡಿಯೂ ಒಂದೇ ಊರಿನಲ್ಲಿ ಬೆಳೆದುವು.

ಇಂಥ ಆವರಣಗಳಲ್ಲಿ ಕಲ್ಲಿನಿಂದ ಕಟ್ಟಿದ ಭಾಗ ಒಂದು ಅಂಶ ಮಾತ್ರ. ಓದುವ ಹುಡುಗರು ಮಲಗುತ್ತಿದ್ದ ಸಾಲುಮನೆ, ಅಡುಗೆಯ ಚಾವಡಿ, ದನದ ಕೊಟ್ಟಿಗೆ, ದವಸದ ಹಗೆ ಇವೆಲ್ಲ ಮಣ್ಣು, ಮರ, ಜಂತೆಗಳ ಕೆಲಸವಾದ್ದರಿಂದ ಕಾಲಕ್ಕೆ ತುತ್ತಾದುವು, ಇಲ್ಲವೆ ಊರಿನ ಮನೆಗಳೊಳಗೆ ಕರಗಿಹೋದುವು. ಕ್ಯಾಮೆರಾ ಬಂದ ಹೊತ್ತಿಗೆ ಅಲ್ಲಿ ನಿಂತಿದ್ದದ್ದು ಗರ್ಭಗುಡಿ, ನವರಂಗ, ಮಂಟಪ, ಬಾವಿ ಇಷ್ಟೇ. ಅವುಗಳಿಗೆ ಒತ್ತಿಕೊಂಡಂತೆ ಊರಿನವರ ಮಣ್ಣಿನ ಗೋಡೆಗಳು ಬೆಳೆದಿದ್ದುವು.

ಆ ಕ್ಯಾಮೆರಾ ಆಗಿನ್ನೂ ಹೊಸತು. ಪ್ಯಾರಿಸ್ಸಿನಲ್ಲಿ ದಾಗೆರ್ ಕಂಡುಕೊಂಡ ಛಾಯಾಗ್ರಹಣ ವಿಧಾನವನ್ನು 1839ರಲ್ಲಿ ಲೋಕಕ್ಕೆ ತಿಳಿಸಲಾಯಿತು; ಬೆಳ್ಳಿಯ ಲೇಪವಿದ್ದ ತಾಮ್ರದ ತಗಡಿನ ಮೇಲೆ ಮೂಡುತ್ತಿದ್ದ ಆ ಚಿತ್ರಕ್ಕೆ ಪ್ರತಿಗಳನ್ನು ತೆಗೆಯುವಂತಿರಲಿಲ್ಲ. ಇಂಗ್ಲೆಂಡಿನ ಟಾಲ್ಬಟ್ 1841ರಲ್ಲಿ ಹಕ್ಕುಪತ್ರ ಪಡೆದ ಕ್ಯಾಲೊಟೈಪ್ ಎಂಬ ವಿಧಾನದಲ್ಲಿ ಕಾಗದದ ಮೇಲೆ ಮೊದಲು ಬೆಳಕುಕತ್ತಲೆಗಳು ಅದಲುಬದಲಾದ ನೆಗೆಟಿವ್ ಮೂಡಿ, ಅದರಿಂದ ಬೇಕಾದಷ್ಟು ಪ್ರತಿಗಳನ್ನು ತೆಗೆಯಲು ಸಾಧ್ಯವಾಯಿತು. 1851ರಲ್ಲಿ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಈ ಕಾಗದಕ್ಕೆ ಮೊದಲೇ ಮೇಣ ಹಚ್ಚುವ ಕ್ರಮವನ್ನು ಪ್ರಕಟಿಸಿದರು; ಅದೇ ವರ್ಷ ಇಂಗ್ಲೆಂಡಿನ ಫ್ರೆಡರಿಕ್ ಸ್ಕಾಟ್ ಆರ್ಚರ್ ಗಾಜಿನ ಮೇಲೆ ಕೊಲೋಡಿಯನ್ ಎಂಬ ಅಂಟುದ್ರವವನ್ನು ಹರಡುವ ಕ್ರಮವನ್ನು ತಿಳಿಸಿದರು. ಈ ಎರಡು ವಿಧಾನಗಳೂ ಹಡಗು ಹತ್ತಿ ಭಾರತಕ್ಕೆ ಬರಲು ತಡವಾಗಲಿಲ್ಲ. 1854ರಲ್ಲಿ ಮುಂಬಯಿಯಲ್ಲಿ ಛಾಯಾಗ್ರಹಣ ಸಂಘ ಹುಟ್ಟಿತು, 1856ರಲ್ಲಿ ಮದ್ರಾಸು ಮತ್ತು ಕಲಕತ್ತೆಗಳಲ್ಲಿ ಅಂಥವೇ ಸಂಘಗಳಾದುವು. ಮುಂಬಯಿ ಸಂಘದಲ್ಲಿ ಆಂಗ್ಲ ಅಧಿಕಾರಿಗಳ ಜೊತೆಗೆ ಭಾವು ದಾಜಿಯವರಂಥ ಭಾರತೀಯ ವೈದ್ಯರೂ ಇದ್ದರು. ಪ್ರಾಚೀನ ಶಾಸನಗಳನ್ನು ಓದುವುದರಲ್ಲಿ ಮುಂದೆ ದೊಡ್ಡ ಹೆಸರು ಪಡೆದ ವಿದ್ವಾಂಸರು ಈ ಭಾವು ದಾಜಿಯವರೇ ಎಂಬುದನ್ನು ಇಲ್ಲಿ ನೆನೆಯಬೇಕು.

ಈ ಹವ್ಯಾಸಿಗಳಲ್ಲಿ ವೈದ್ಯರೇ ಇಷ್ಟು ಮಂದಿ ಏಕಿದ್ದರು ಎಂಬ ಪ್ರಶ್ನೆಗೆ ಉತ್ತರ ಅವರ ಔಷಧದ ಪೆಟ್ಟಿಗೆಯಲ್ಲಿಯೇ ಇದೆ. ಛಾಯಾಚಿತ್ರದ ಜೀವಾಳವಾದ ಸಿಲ್ವರ್ ನೈಟ್ರೇಟನ್ನು ಶಸ್ತ್ರವೈದ್ಯರು ಹುಣ್ಣು ಸುಡಲು ಬಳಸುತ್ತಿದ್ದರು, ಕೊಲೋಡಿಯನ್ನನ್ನು ಗಾಯದ ಮೇಲೆ ಪೊರೆಯಾಗಿ ಹಚ್ಚುತ್ತಿದ್ದರು. ದ್ರಾವಣಗಳನ್ನು ತೂಕ ಹಾಕಿ ಬೆರಸುವ ಕೈಪಳಗೂ ಅವರಿಗೆ ಮೊದಲೇ ಇತ್ತು. ಸೇನೆಯ ತೋಪುಪಡೆಯ ಅಧಿಕಾರಿಗಳಿಗೆ ಅಳತೆ, ನಕ್ಷೆ, ದೂರದರ್ಶಕಗಳ ಅಭ್ಯಾಸವಿತ್ತು. ಹೀಗಾಗಿ ಗದಗ ಸೀಮೆಗೆ ಕ್ಯಾಮೆರಾ ತಂದವರಲ್ಲಿ ಒಬ್ಬರು ಮುಂಬಯಿ ತೋಪುಪಡೆಯ ಕ್ಯಾಪ್ಟನ್ ಥಾಮಸ್ ಬಿಗ್ಸ್, ಮತ್ತೊಬ್ಬರು ಮುಂಬಯಿ ವೈದ್ಯಕೀಯ ಸೇವೆಯ ಡಾ. ವಿಲಿಯಂ ಹೆನ್ರಿ ಪಿಗೂ. ಇವರ ಜೊತೆಗೆ ಹೇಳಬೇಕಾದ ಮೂರನೆಯವರು, ಹಳೇಬೀಡಿನ ಚಿತ್ರಗಳಿಂದ ಹೆಸರಾದ ಡಾ. ಆಂಡ್ರ್ಯೂ ನೀಲ್, ಮದ್ರಾಸ್ ಸೇನೆಯ ವೈದ್ಯರು. ಮದ್ರಾಸ್ ಸೇನೆಯವರೇ ಆದ ಲಿನೇಯಸ್ ಟ್ರೈಪ್ 1854ರ ಡಿಸೆಂಬರಿನಲ್ಲಿಯೇ ಮೈಸೂರು ಸಂಸ್ಥಾನದ ಗುಡಿಗಳ ಚಿತ್ರ ತೆಗೆದು ಮರುವರ್ಷ ಮದ್ರಾಸಿನ ಪ್ರದರ್ಶನದಲ್ಲಿ ಇಟ್ಟಿದ್ದರು.

ಹವ್ಯಾಸಿ ಎಂಬುದನ್ನು ಇಲ್ಲಿ ತುಸು ವಿವರಿಸಬೇಕು, ಏಕೆಂದರೆ ಬಿಗ್ಸ್ ಅವರಿಗೂ ಪಿಗೂ ಅವರಿಗೂ ಸರ್ಕಾರದ ನೇಮಕವಿತ್ತು. ಶಿಲ್ಪಗಳ ಕೈಚಿತ್ರ ಬರೆಸಲು ತಗಲುತ್ತಿದ್ದ ಖರ್ಚನ್ನೂ ಕಾಲವನ್ನೂ ಕಂಡ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರು ಇನ್ನು ಮುಂದೆ ಛಾಯಾಗ್ರಹಣವನ್ನು ಬಳಸಬೇಕೆಂದು ಸೂಚಿಸಿದ್ದರಿಂದ, 1855ರಲ್ಲಿ ಬಿಗ್ಸ್ ಮುಂಬಯಿ ಸರ್ಕಾರದ ಛಾಯಾಗ್ರಾಹಕರಾಗಿ ವಿಜಾಪುರ, ಬಾದಾಮಿ, ಐಹೊಳೆ ಮೊದಲಾದ ಕಡೆಗಳಲ್ಲಿ ಸಂಚರಿಸಿದರು. ಅದೇ ವರ್ಷದ ಕೊನೆಗೆ ಅವರು ತಮ್ಮ ಪಡೆಗೆ ಮರಳಬೇಕಾಗಿ ಬಂದುದರಿಂದ ಆ ಕೆಲಸ ಪಿಗೂ ಅವರ ಪಾಲಿಗೆ ಬಂತು. ಆದರೆ ಈ ವಿದ್ಯೆಯನ್ನು ಇವರಿಗೆ ಯಾವ ಶಾಲೆಯೂ ಕಲಿಸಿರಲಿಲ್ಲ, ಇದರಿಂದ ಅವರ ಹೊಟ್ಟೆ ಹೊರೆಯುತ್ತಿರಲಿಲ್ಲ, ಕೆಲಸ ಮುಗಿದೊಡನೆ ಅವರು ದಂಡಿಗೋ ಆಸ್ಪತ್ರೆಗೋ ಮರಳುವವರಾಗಿದ್ದರು. ಛಾಯಾಗ್ರಹಣವನ್ನೇ ವೃತ್ತಿಯಾಗಿ ಮಾಡಿಕೊಂಡವರು ಆಗ ನಗರಗಳಲ್ಲಿ ಶ್ರೀಮಂತರ ಮುಖಚಿತ್ರಗಳನ್ನು ತೆಗೆಯುತ್ತಿದ್ದರೇ ಹೊರತು ಚಕ್ಕಡಿಯ ಹಾದಿಯಲ್ಲಿ ಡಂಬಳದವರೆಗೆ ಬರಲು ಅವರಿಗೆ ಕಾರಣವಿರಲಿಲ್ಲ.

ಮೇಣದ ಕಾಗದದ ಕೆಲಸ ಹಲವು ದಿನಗಳ ಸಿದ್ಧತೆಯನ್ನು ಬೇಡುತ್ತಿತ್ತು. ತೆಳುವಾದ ಒಳ್ಳೆಯ ಕಾಗದವನ್ನು ಕರಗಿದ ಜೇನುಮೇಣದಲ್ಲಿ ಅದ್ದಿ, ಹೀರುಕಾಗದಗಳ ನಡುವೆ ಇಟ್ಟು ಬಿಸಿ ಇಸ್ತ್ರಿಯಿಂದ ಒತ್ತಿ ಹೆಚ್ಚಿನ ಮೇಣವನ್ನು ತೆಗೆದು, ಪೊಟ್ಯಾಸಿಯಂ ಅಯೊಡೈಡಿನ ದ್ರಾವಣದಲ್ಲಿ ನೆನೆಸಿ ಒಣಗಿಸುತ್ತಿದ್ದರು. ಆ ಮೇಲೆ ಹಳದಿ ಬೆಳಕಿನ ಕತ್ತಲೆ ಕೋಣೆಯಲ್ಲಿ ಸಿಲ್ವರ್ ನೈಟ್ರೇಟಿನಲ್ಲಿ ಅದ್ದಿದಾಗ ಕಾಗದಕ್ಕೆ ಬೆಳಕನ್ನು ಗ್ರಹಿಸುವ ಗುಣ ಬರುತ್ತಿತ್ತು. ಹೀಗೆ ಹದಗೊಳಿಸಿದ ಕಾಗದವನ್ನು ಒಣಗಿದ ಮೇಲೂ ಬಳಸಬಹುದಾಗಿತ್ತು, ಚಿತ್ರ ತೆಗೆದ ಮೇಲೆ ಬಿಡಾರಕ್ಕೆ ಮರಳಿ ಗ್ಯಾಲಿಕ್ ಆಮ್ಲದಲ್ಲಿ ಇಟ್ಟು ನಿಧಾನವಾಗಿ ಮೂಡಿಸಬಹುದಾಗಿತ್ತು. ಸುಡುಬಿಸಿಲಿನ ನಾಡಿನಲ್ಲಿ ಇದು ದೊಡ್ಡ ಅನುಕೂಲ. ಕೊಲೋಡಿಯನ್ ವಿಧಾನದಲ್ಲಾದರೋ ಗಾಜಿಗೆ ಲೇಪ ಹಚ್ಚಿ, ಅದು ಹಸಿಯಾಗಿರುವಾಗಲೇ ಚಿತ್ರ ತೆಗೆದು, ಒಣಗುವ ಮೊದಲೇ ಅಲ್ಲಿಯೇ ಹೂಡಿದ ಕಪ್ಪು ಡೇರೆಯೊಳಗೆ ಅದನ್ನು ಮೂಡಿಸಬೇಕಾಗಿತ್ತು. ಲೇಪದಲ್ಲಿದ್ದ ಈಥರ್ ಬಿಸಿಲಿಗೆ ನೋಡನೋಡುತ್ತಲೇ ಆರಿಹೋಗುತ್ತಿತ್ತು, ಎರೆಯ ಧೂಳು ಹಸಿ ಗಾಜಿನ ಮೇಲೆ ಕೂರುತ್ತಿತ್ತು, ತೊಳೆಯಲು ಬೇಕಾದ ಶುದ್ಧ ನೀರು ಎಲ್ಲ ಊರುಗಳಲ್ಲಿಯೂ ಸಿಗುತ್ತಿರಲಿಲ್ಲ. ಎರಡರಲ್ಲಿಯೂ ಪ್ರತಿ ತೆಗೆಯುವುದಕ್ಕೆ ಮತ್ತೆ ಬಿಸಿಲೇ ಬೇಕು: ಮೊಟ್ಟೆಯ ಬಿಳಿಯನ್ನು ಹಚ್ಚಿ ಬೆಳ್ಳಿಯ ಲವಣದಿಂದ ಹದಗೊಳಿಸಿದ ಕಾಗದವನ್ನು ನೆಗೆಟಿವಿನ ಕೆಳಗೆ ಚೌಕಟ್ಟಿನಲ್ಲಿ ಬಿಗಿದು ಹೊರಗಿಟ್ಟರೆ ಚಿತ್ರ ತಾನಾಗಿ ಕಪ್ಪಾಗುತ್ತ ಬರುತ್ತಿತ್ತು.

ಕಾಗದದ ನೆಗೆಟಿವಿಗೆ ಎದುರುಬಿಸಿಲಿನಲ್ಲಿಯೂ ಹಲವು ನಿಮಿಷಗಳ ಕಾಲ ಮಸೂರವನ್ನು ತೆರೆದಿಡಬೇಕಾಗುತ್ತಿತ್ತು. ಅಷ್ಟು ಹೊತ್ತಿನಲ್ಲಿ ಗುಡಿಗೆ ಬಂದು ಹೋದ ಭಕ್ತರು, ಅಂಗಳ ದಾಟಿದ ದನಕರುಗಳು ಯಾವ ಗುರುತನ್ನೂ ಉಳಿಸದೆ ಮಾಯವಾಗುತ್ತಿದ್ದುವು. ಕಟ್ಟಡದ ಅಳತೆ ತಿಳಿಯಲೆಂದು ಅಲ್ಲಾಡದೆ ನಿಲ್ಲಿಸಿದ ಆಳುಗಳು ಮಾತ್ರ ಚಿತ್ರದಲ್ಲಿ ಉಳಿಯುತ್ತಿದ್ದರು. ಆ ಕಾಲದ ಚಿತ್ರಗಳಲ್ಲಿ ಈ ಗುಡಿಗಳು ಜನರೇ ಇಲ್ಲದ ಹಾಳುಗಳಂತೆ ಕಾಣುವುದಕ್ಕೆ ಇದೊಂದು ಮುಖ್ಯ ಕಾರಣ. ಆದರೆ ತ್ರಿಕೂಟೇಶ್ವರ ಆಗಲೂ ಪೂಜೆ ನಡೆಯುತ್ತಿದ್ದ, ಊರಿನ ನಡುವಿನ ಗುಡಿ. ಇದಲ್ಲದೆ ಆ ಲೇಪಗಳು ನೀಲಿ ಬೆಳಕನ್ನು ಬೇಗ ಗ್ರಹಿಸಿ ಹಸುರು, ಹಳದಿ, ಕೆಂಪುಗಳನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತಿದ್ದುದರಿಂದ ಮುಗಿಲು ಬರಿ ಬಿಳುಪಾಗಿ, ಗಿಡಮರಗಳು ಕಪ್ಪು ಮುದ್ದೆಯಾಗಿ ಮೂಡುತ್ತಿದ್ದುವು. ಬಾದಾಮಿಯ ಕೆಂಪು ಮರಳುಗಲ್ಲಿಗೂ ಲಕ್ಕುಂಡಿಯ ಕಲ್ಲಿಗೂ ಇರುವ ಬಣ್ಣದ ಭೇದ ಅಂಥ ಚಿತ್ರದಲ್ಲಿ ತಿಳಿಯುವುದೇ ಇಲ್ಲ.

ಆ ಕಲ್ಲಿನ ವಿಷಯವನ್ನು ಇಲ್ಲಿ ಹೇಳುವುದು ಅಗತ್ಯ. ಲಕ್ಕುಂಡಿ, ಗದಗ, ಡಂಬಳಗಳ ಶಿಲ್ಪಿಗಳು ಮರಳುಗಲ್ಲನ್ನು ಬಿಟ್ಟು ಹಸುರು ಛಾಯೆಯ ಬಳಪದ ಕಲ್ಲಿಗೆ ತಿರುಗಿದರು. ಹಾಸುಹಾಸಾಗಿ ಏಳುವ, ಗಣಿಯಿಂದ ತೆಗೆದಾಗ ಮೃದುವಾಗಿದ್ದು ಗಾಳಿಗೆ ಗಟ್ಟಿಯಾಗುವ ಈ ಕಲ್ಲಿನಲ್ಲಿ ಬಂಗಾರದ ಕೆಲಸದಷ್ಟು ನಯವಾದ ಕೆತ್ತನೆ ಸಾಧ್ಯವಾಯಿತು. ಕಪ್ಪತಗುಡ್ಡದ ಸಾಲೂ ಇದೇ ಬಗೆಯ ಶಿಲೆಗಳ ಪಟ್ಟಿಗೆ ಸೇರಿದ್ದು. ಕೆತ್ತನೆ ನಯವಾದಷ್ಟೂ ಅದರ ನೆರಳು ಕಿರಿದು. ಕಿರಿದಾದ ನೆರಳನ್ನು ಹಿಡಿಯಲು ಓರೆಯಾದ ಬೆಳಕೇ ಬೇಕು. ಮಟಮಟ ಮಧ್ಯಾಹ್ನದಲ್ಲಿ ಮೇಲಿನಿಂದ ಬೀಳುವ ಬಿಸಿಲು ಗೋಡೆಯ ನಡುಭಾಗವನ್ನು ಚಪ್ಪಟೆ ಮಾಡಿ, ಕಪೋತದ ಕೆಳಗನ್ನು, ಎಂದರೆ ಹೊರಚಾಚಿದ ಇಳಿಜಾರು ಚಜ್ಜದ ಕೆಳಗಿನ ಭಾಗವನ್ನು, ಮಸಿ ಬಳಿದಂತೆ ಮುಚ್ಚಿಬಿಡುತ್ತದೆ. ಗದಗದ ಸರಸ್ವತಿ ಗುಡಿಯ ಕಂಬಗಳಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಚರಕಿಯಲ್ಲಿ ತಿರುಗಿಸಿದಂಥ ಉಂಗುರಗಳ ಮೇಲೆ ಒಂದೊಂದರಲ್ಲಿಯೂ ಒಂದು ಬಿಳಿಗೆರೆ ಮಿನುಗುತ್ತದೆ, ಅದರ ಕೆಳಗಿನ ಕಿರುಗೂಡುಗಳೂ ಬೊಂಬೆಗಳೂ ತುಂಬಿದ ಪಟ್ಟಿ ಎಳೆಬಿಸಿಲಿನಲ್ಲಿ ಎದ್ದು ತೋರಿ, ಹೊತ್ತೇರಿದೊಡನೆ ಚಜ್ಜದ ನೆರಳಿಗೆ ಸಂದುಹೋಗುತ್ತದೆ. ಕಣ್ಣು ಈ ಎರಡನ್ನೂ ಒಟ್ಟಿಗೆ ಗ್ರಹಿಸಬಲ್ಲುದು. ಅಂದಿನ ಕಾಗದಕ್ಕೆ ಆ ಶಕ್ತಿಯಿರಲಿಲ್ಲ.

ಡಂಬಳದ ದೊಡ್ಡಬಸಪ್ಪನ ಗುಡಿ ಬಿಸಿಲನ್ನು ಬೇರೆಯೇ ರೀತಿಯಲ್ಲಿ ಬಳಸಿಕೊಳ್ಳುತ್ತದೆ. ಅದರ ಗರ್ಭಗುಡಿಯ ಹೊರಗೋಡೆ ಇಪ್ಪತ್ತನಾಲ್ಕು ಮೂಲೆಗಳ ನಕ್ಷತ್ರಾಕಾರದ್ದು. ಒಂದು ಚೌಕವನ್ನು ಅದರ ನಡುಬಿಂದುವಿನ ಸುತ್ತ ಹಂತಹಂತವಾಗಿ ತಿರುಗಿಸುತ್ತ ಹೋದರೆ ಮೂಲೆಗಳು ಹೊರಗೆ ಚಾಚುವ ಬಗೆಯಲ್ಲಿ ಅದರ ತಳವಿನ್ಯಾಸ ಸಿದ್ಧವಾಗಿದೆ. ಪ್ರತಿ ಮೂಲೆಯೂ ತನ್ನ ಒಂದು ಮಗ್ಗುಲನ್ನು ಬಿಸಿಲಿಗೂ ಇನ್ನೊಂದನ್ನು ನೆರಳಿಗೂ ಒಡ್ಡುವುದರಿಂದ ಅಡಿಯಿಂದ ಶಿಖರದ ತುದಿಯವರೆಗೆ ಬೆಳಕು ಕತ್ತಲೆಗಳ ಪಟ್ಟಿಗಳು ಏರುತ್ತವೆ, ಹೊತ್ತು ಸರಿದಂತೆ ಆ ಪಟ್ಟಿಗಳು ಗುಡಿಯ ಸುತ್ತ ಜರುಗುತ್ತವೆ. ಕಡುಬಿಸಿಲೂ ಈ ಗೋಡೆಯ ಆಕಾರವನ್ನು ಅಳಿಸಲಾರದು. ಒಂದೇ ಬಣ್ಣದ ಹಳೆಯ ಚಿತ್ರಗಳಲ್ಲಿ ಈ ಬಗೆಯ ಗುಡಿಗಳೇ ಹೆಚ್ಚು ಚೆನ್ನಾಗಿ ಮೂಡಿರುವುದಕ್ಕೂ, ಮುಂದಿನ ವಿದ್ವಾಂಸರು ನಕ್ಷತ್ರಾಕಾರಕ್ಕೆ ಅಷ್ಟೊಂದು ಮಹತ್ತ್ವ ಕೊಟ್ಟುದಕ್ಕೂ ಸಂಬಂಧವಿದೆಯೆಂದು ತೋರುತ್ತದೆ.

ಸೂರ್ಯನ ಹಾದಿಯೂ ಪಕ್ಷಪಾತ ಮಾಡಿತು. ಗದಗ ಇರುವುದು ಸುಮಾರು 15.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಸೆಪ್ಟೆಂಬರ್ ಕೊನೆಯಿಂದ ಮಾರ್ಚ್ ಮೂರನೆಯ ವಾರದವರೆಗೆ ಸೂರ್ಯನು ಪೂರ್ವಪಶ್ಚಿಮ ಗೆರೆಯ ತೆಂಕಣಕ್ಕೇ ಸಂಚರಿಸುವುದರಿಂದ ಗುಡಿಯ ಬಡಗಣ ಗೋಡೆಗೆ ದಿನದ ಯಾವ ಹೊತ್ತಿನಲ್ಲಿಯೂ ನೇರ ಬಿಸಿಲು ತಾಗುವುದಿಲ್ಲ. ಬೇಸಿಗೆ ಮಳೆಗಾಲಗಳಲ್ಲಿ ಬೆಳಗ್ಗೆ ಸಂಜೆ ಓರೆಯಾಗಿ ತಾಗುತ್ತದೆ, ನಡುಹಗಲಿನಲ್ಲಿ ತಾಗುವುದು ಮೇ ಮೊದಲ ವಾರದಿಂದ ಆಗಸ್ಟ್ ಎರಡನೆಯ ವಾರದವರೆಗೆ ಮಾತ್ರ. ಆದರೆ ಚಕ್ಕಡಿಯ ಮೇಲೆ ಗಾಜು, ಕಾಗದ, ಆಮ್ಲದ ಸೀಸೆಗಳನ್ನು ಹೇರಿಕೊಂಡು ಸುತ್ತಲು ಅನುಕೂಲವಾದ ಕಾಲ ಮಳೆ ಮುಗಿದು ನೆಲ ಒಣಗಿದ ಮೇಲೆ, ಬೇಸಿಗೆ ಕಾಯುವ ಮುನ್ನ. ಹಸಿ ಎರೆಯಲ್ಲಿ ಗಾಲಿ ಹೂತರೆ ಎಬ್ಬಿಸುವುದು ಎಷ್ಟು ಕಷ್ಟವೆಂದು ಆ ಸೀಮೆಯವರಿಗೆ ಹೇಳಬೇಕಾಗಿಲ್ಲ. ಆದುದರಿಂದ ಸಂಚಾರದ ಕಾಲವೂ ಬಡಗಣ ಗೋಡೆಗಳ ಕತ್ತಲೆಯ ಕಾಲವೂ ಒಂದೇ ಆದುವು. ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯ ಮೂಡಣ ಬಾಗಿಲಿಗೂ ತೆಂಕಣ ಬಾಗಿಲುವಾಡಕ್ಕೂ, ಎಂದರೆ ಪಟ್ಟಿಪಟ್ಟಿಯಾಗಿ ಬಳ್ಳಿಬೊಂಬೆಗಳನ್ನು ಕೆತ್ತಿದ ಬಾಗಿಲ ಚೌಕಟ್ಟಿಗೂ, ಹಗಲುಬೆಳಕಿನ ನೆರವು ಸುಲಭವಾಗಿ ಒದಗಿತು. ಅದೇ ಗುಡಿಯ ಬೆನ್ನಿಗೂ ಬಡಗಣ ಮೈಗೂ ಆ ಭಾಗ್ಯ ಅಷ್ಟಿರಲಿಲ್ಲ. ನವರಂಗದ ಒಳಗಂತೂ, ಕಂಬಗಳ ನಡುವಿನ ಭುವನೇಶ್ವರಿ ಎಂಬ ಕೆತ್ತನೆಯ ಮೇಲ್ಛಾವಣಿಗಳಂತೂ, ಆ ತಲೆಮಾರಿನ ಕ್ಯಾಮೆರಾಗಳಿಗೆ ಬಹುಮಟ್ಟಿಗೆ ಎಟುಕಲೇ ಇಲ್ಲ.

ಪಿಗೂ 1858ರಲ್ಲಿ ತೀರಿಕೊಂಡರು. ಆ ವರ್ಷವೇ ಮುಂಡರಗಿ ಭೀಮರಾಯರೂ ನರಗುಂದದ ಬಾಬಾಸಾಹೇಬರೂ ಕಂಪನಿಯ ಆಳಿಕೆಯ ವಿರುದ್ಧ ಎದ್ದುದರಿಂದ ಈ ಸೀಮೆಯಲ್ಲಿ ಸೇನೆಯ ವೈದ್ಯರಿಗೂ ಅಧಿಕಾರಿಗಳಿಗೂ ಗುಡಿಗಳ ಚಿತ್ರ ತೆಗೆಯುವ ವಿರಾಮ ಉಳಿಯಲಿಲ್ಲ. ಚಿತ್ರಗಳು ಎಂಟು ಹತ್ತು ವರ್ಷ ಕಡತಗಳಲ್ಲಿ ಇದ್ದು, 1866ರಲ್ಲಿ ಲಂಡನ್ನಿನ ಜಾನ್ ಮರೆ ಪ್ರಕಾಶನದಿಂದ ಧಾರವಾಡ ಮತ್ತು ಮೈಸೂರು ಪ್ರಾಂತಗಳ ವಾಸ್ತುವಿನ ದೊಡ್ಡ ಸಂಪುಟವಾಗಿ ಹೊರಬಂದುವು. ಪಿಗೂ, ನೀಲ್, ಬಿಗ್ಸ್ ಮೂವರ ಚಿತ್ರಗಳೂ ಅದರಲ್ಲಿವೆ. ಐತಿಹಾಸಿಕ ವಿವರಣೆ ಸುರಪುರದಲ್ಲಿ ಬಹುಕಾಲ ಆಡಳಿತ ನಡೆಸಿದ್ದ ಮೆಡೋಸ್ ಟೇಲರ್ ಅವರದು, ವಾಸ್ತುವಿನ ಟಿಪ್ಪಣಿಗಳು ಜೇಮ್ಸ್ ಫರ್ಗ್ಯುಸನ್ ಅವರವು. ಪಶ್ಚಿಮ ಭಾರತದ ವಾಸ್ತುಪ್ರಾಚೀನತೆಗಳ ಸಮಿತಿಯೊಂದು ಈ ಸಂಪುಟ ಸೇರಿದ ಮಾಲೆಯನ್ನು ಹೊರತಂದಿತು. ಅದರ ಸಂಪುಟಗಳಿಗೆ ಪ್ರೇಮಚಂದ್ ರಾಯಚಂದ್, ಕರ್ಸನ್‌ದಾಸ್ ಮಾಧವದಾಸ್ ಮೊದಲಾದ ಮುಂಬಯಿಯ ವರ್ತಕರು ಹಣ ಕೊಟ್ಟರು. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ನಿಂತುಹೋಗಿ ಭಾರತದ ಹತ್ತಿಗೆ ಎಲ್ಲಿಲ್ಲದ ಬೆಲೆ ಬಂದಾಗ ಮುಂಬಯಿಯಲ್ಲಿ ಹರಿದಾಡಿದ ಹಣದಲ್ಲಿ ಧಾರವಾಡ ಜಿಲ್ಲೆಯ ಎರೆಹೊಲಗಳ ಹತ್ತಿಯದೂ ಪಾಲಿತ್ತು ಎಂಬುದನ್ನು ಗದಗದ ಹತ್ತಿಪೇಟೆಯನ್ನು ಬಲ್ಲವರು ಗಮನಿಸದೆ ಇರಲಾರರು.

ಫರ್ಗ್ಯುಸನ್ ಅವರೂ ಒಂದರ್ಥದಲ್ಲಿ ಹವ್ಯಾಸಿಯೇ. ನೀಲಿ ವ್ಯಾಪಾರದಲ್ಲಿ ಹಣ ಗಳಿಸಿ, ಸ್ವಂತ ಪರಿಶ್ರಮದಿಂದ ಭಾರತದ ವಾಸ್ತುವಿನ ಇತಿಹಾಸವನ್ನು ಬರೆದವರು. ದೂರದೂರದ ಗುಡಿಗಳನ್ನು ಒಂದೇ ಮೇಜಿನ ಮೇಲೆ ಹರಡಿ ಹೋಲಿಸುವ ಅನುಕೂಲವನ್ನು ಅವರಿಗೆ ಕೊಟ್ಟದ್ದು ಈ ಚಿತ್ರಗಳೇ. 1876ರ ಅವರ ದೊಡ್ಡ ಗ್ರಂಥದಲ್ಲಿ ಚಾಲುಕ್ಯ ಶೈಲಿಯೆಂಬ ವಿಭಾಗ ನೆಲೆಗೊಂಡಿತು. ಆ ವಿಭಾಗದ ಲಕ್ಷಣಗಳೆಂದು ಹೇಳಿದುವು ತಳವಿನ್ಯಾಸ, ಶಿಖರ, ಹೊರಗೋಡೆ, ಕಂಬ. ಒಂದು ಹಗಲು ಬಿಸಿಲಿನಲ್ಲಿ ನಿಂತು ಕಾಣಬಹುದಾದುವು ಇವೇ. ಮಠ, ಪಾಠ, ಅನ್ನಛತ್ರಗಳ ಬಾಳು ಅಲ್ಲಿ ಇಲ್ಲ. ಇದನ್ನು ಫರ್ಗ್ಯುಸನ್ ಅವರ ಕೊರತೆಯೆಂದು ಹಳಿಯುವುದು ಸರಿಯಲ್ಲ; ಅವರ ಮುಂದಿದ್ದ ಆಧಾರವೇ ಅಷ್ಟು.

ಆದರೆ ಅದೇ ಕ್ಯಾಮೆರಾಗಳು ಇನ್ನೊಂದು ಆಧಾರವನ್ನೂ ತಂದಿದ್ದುವು, ಅದರ ಬೆಲೆ ತಿಳಿಯಲು ಇನ್ನಷ್ಟು ಕಾಲ ಹಿಡಿಯಿತು. ಈ ಹವ್ಯಾಸಿಗಳು ಗುಡಿಗಳ ಜೊತೆಗೆ ಗುಡಿಯ ಅಂಗಳಗಳಲ್ಲಿ ನಿಂತಿದ್ದ ಶಾಸನಕಲ್ಲುಗಳ ಚಿತ್ರಗಳನ್ನೂ ತೆಗೆದಿದ್ದರು. ಬಿಸಿಲನ್ನು ಕುರಿತ ಅವರ ತಿಳಿವಳಿಕೆ ಎಲ್ಲಕ್ಕಿಂತ ಹೆಚ್ಚು ಬೇಕಾದದ್ದು ಇಲ್ಲಿಯೇ: ಅಕ್ಷರಗಳ ಆಳ ಕೂದಲೆಳೆಯಷ್ಟೇ ಆದ್ದರಿಂದ ಕಲ್ಲಿನ ಮೈಗೆ ಸವರಿಕೊಂಡು ಬೀಳುವ ಬೆಳಕಿನಲ್ಲಿ ಮಾತ್ರ ಅವು ಓದಲು ಬರುತ್ತವೆ, ಎದುರುಬಿಸಿಲಿನಲ್ಲಿ ಸಾಲುಗಳೇ ಮಾಯವಾಗುತ್ತವೆ. ಮುಂಬಯಿ ಸರ್ಕಾರದ ಅಧಿಕಾರಿ ಥಿಯೋಡರ್ ಹೋಪ್ ಈ ಶಾಸನಚಿತ್ರಗಳನ್ನು 1866ರಲ್ಲಿ ಪ್ರತ್ಯೇಕ ಸಂಪುಟವಾಗಿ ಹೊರತಂದರು, ಶಾಸನವಿದ್ವಾಂಸ ಜೆ. ಎಫ್. ಫ್ಲೀಟ್ 1878ರಲ್ಲಿ ಪ್ರಕಟಿಸಿದ ಪಾಲಿ, ಸಂಸ್ಕೃತ ಮತ್ತು ಹಳಗನ್ನಡ ಶಾಸನಗಳ ಸಂಗ್ರಹಕ್ಕೆ ಅದು ಆಧಾರವಾಯಿತು. ಮೈಸೂರಿನ ಕಡೆ ಮೇಜರ್ ಡಿಕ್ಸನ್ 1865ರಲ್ಲಿ ತೆಗೆದ ಸುಮಾರು 150 ಶಾಸನಗಳ ಚಿತ್ರಗಳಿಂದ ಬಿ. ಎಲ್. ರೈಸ್ ಅವರ ಕೆಲಸ ಆರಂಭವಾಗಿ, 1879ರಲ್ಲಿ ಅವರ ಮೊದಲ ಶಾಸನಗ್ರಂಥ ಬಂತು, ಅದರ ಬೆನ್ನಿಗೆ ಎಪಿಗ್ರಾಫಿಯ ಕರ್ನಾಟಿಕ ಎಂಬ ಶಾಸನಸಂಪುಟಗಳ ಮಹಾಮಾಲೆ ಬಂತು. ಕನ್ನಡನಾಡಿನ ಶಾಸನಾಧ್ಯಯನ ಹೀಗೆ ಹವ್ಯಾಸಿಗಳ ಕ್ಯಾಮೆರಾದ ಹೆಗಲಮೇಲೆ ಎದ್ದು ನಿಂತಿತು. ಮುಂದೆ ಕಲ್ಲಿನ ಮೇಲೆ ಒದ್ದೆ ಕಾಗದವನ್ನು ಒತ್ತಿ ಮಸಿ ತಟ್ಟಿ ಅಚ್ಚು ತೆಗೆಯುವ ವಿಧಾನ ರೂಢಿಗೆ ಬಂದು, ಬಿಸಿಲಿನ ಹಂಗು ತಪ್ಪಿತು.

ಚಿತ್ರಕ್ಕೆ ಸಿಗದ ಬಾಳು ಈ ಅಕ್ಷರಗಳಲ್ಲಿ ದೊರೆಯಿತು. ಶಿಕಾರಿಪುರದ ಹತ್ತಿರದ ಬಳ್ಳಿಗಾವಿಯಲ್ಲಿ ಇಂದು ಉಳಿದಿರುವುದು ಮುಖ್ಯವಾಗಿ ಕೇದಾರೇಶ್ವರನ ಮೂರು ಶಿಖರಗಳು. ಆದರೆ ಅದೇ ಸ್ಥಳದ ಕೋಡಿಯ ಮಠವನ್ನು ಕುರಿತ 1162ರ ಶಾಸನವು ವೇದಗಳು, ಹಲವು ವ್ಯಾಕರಣಗಳು, ಷಡ್ದರ್ಶನಗಳು, ಕಾವ್ಯನಾಟಕಗಳು ಅಲ್ಲಿ ಪಾಠವಾಗುತ್ತಿದ್ದುದನ್ನೂ, ದೀನರಿಗೂ ಅಂಗವಿಕಲರಿಗೂ ಅನ್ನವಿದ್ದುದನ್ನೂ, ರೋಗಿಗಳಿಗೆ ಔಷಧವಿದ್ದುದನ್ನೂ ಹೇಳುತ್ತದೆ. ಗದಗದ ಕಾಳಾಮುಖರೂ ಡಂಬಳದ ಶೆಟ್ಟಿಗಳೂ ಇತಿಹಾಸಕ್ಕೆ ಬಂದದ್ದು ಇಂಥ ಓದಿನಿಂದಲೇ. ಕಟ್ಟಡದ ಚಿತ್ರಗಳನ್ನು ವಾಸ್ತುಪಂಡಿತರೂ ಕಲ್ಲಿನ ಬರಹಗಳನ್ನು ಶಾಸನಪಂಡಿತರೂ ಬೇರೆ ಬೇರೆಯಾಗಿ ಓದುತ್ತ ಹೋದುದರಿಂದ, ಒಂದೇ ಅಂಗಳದಲ್ಲಿ ಒಬ್ಬರೇ ತೆಗೆದ ಎರಡು ಬಗೆಯ ಚಿತ್ರಗಳು ಎರಡು ಶಾಸ್ತ್ರಗಳಿಗೆ ಹಂಚಿಹೋದುವು. ಈ ಒಡಕು ಇಂದಿಗೂ ಪೂರ್ತಿಯಾಗಿ ಬೆಸೆದುಕೊಂಡಿಲ್ಲ, ಇದು ನಿಜಕ್ಕೂ ವ್ಯಸನದ ಸಂಗತಿ.

ಮುಂದಿನ ಹಂತ ವೃತ್ತಿನಿರತರದು. ಪುರಾತತ್ತ್ವ ಇಲಾಖೆಯ ಹೆನ್ರಿ ಕೌಸೆನ್ಸ್ ಗಾಜಿನ ಫಲಕಗಳಿಂದ ಈ ಗುಡಿಗಳನ್ನು ಒಂದೊಂದಾಗಿ ದಾಖಲಿಸಿ, ನಕ್ಷೆ ಬರೆಸಿ, ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುವನ್ನು ಕುರಿತ ಗ್ರಂಥವನ್ನು 1926ರಲ್ಲಿ ಪ್ರಕಟಿಸಿದರು. ಅಷ್ಟು ಹೊತ್ತಿಗೆ ಒಣಫಲಕಗಳು ಬಂದು ಕಪ್ಪು ಡೇರೆ ಹೊರುವ ಕಷ್ಟ ನೀಗಿತ್ತು, 1880ರ ದಶಕದಲ್ಲಿ ದಕ್ಷಿಣ ಮರಾಠಾ ರೈಲು ಗದಗಕ್ಕೆ ಬಂದು ಚಕ್ಕಡಿಯ ಹಾದಿಯೂ ಮೊಟಕಾಗಿತ್ತು.

ವಿದ್ಯೆಯ ಆವರಣಗಳು ಈ ನಡುವೆ ಹೊಸ ರೂಪ ಪಡೆದಿದ್ದುವು. ಬೆಟಗೇರಿಯಲ್ಲಿ ಬಾಸೆಲ್ ಮಿಷನ್ ನೆಲೆಯೂರಿತು, ಅದರ ಪಾದ್ರಿಗಳು ಧಾರವಾಡ ಸೀಮೆಯಲ್ಲಿ ಶಾಲೆಗಳನ್ನು ಕಟ್ಟಿದರು. ಕರ್ನಾಟಕದ ಶಾಲೆ, ಚರ್ಚು, ನೇಕಾರಿಕೆಯ ಕಾರ್ಖಾನೆಗಳ ಹಲವಾರು ಚಿತ್ರಗಳು ಬಾಸೆಲ್ ನಗರದ ದಫ್ತರದಲ್ಲಿ ಇವೆ. ಧಾರವಾಡದಲ್ಲಿ ದಕ್ಷಿಣ ಮರಾಠಾ ರೈಲ್ವೆಯ ಮುಖ್ಯ ಕಚೇರಿಯಾಗಿದ್ದ ಕಲ್ಲಿನ ಕಟ್ಟಡ 1917ರಲ್ಲಿ ಹುಟ್ಟಿದ ಕರ್ನಾಟಕ ಕಾಲೇಜಿನ ಪಾಲಿಗೆ ಬಂತು. ಗದಗ ಸೀಮೆಯ ಎಷ್ಟೋ ಮಂದಿ ಪದವೀಧರರ ಮೊದಲ ಗುಂಪುಚಿತ್ರಗಳಿಗೆ ಆ ಆವರಣವೇ ಹಿನ್ನೆಲೆ. ಕ್ಯಾಮೆರಾ ಅಗ್ಗವಾದಂತೆ ಹವ್ಯಾಸ ಭಾರತೀಯರ ಕೈಗೆ ಬಂತು, 1932ರಲ್ಲಿ ಬೆಂಗಳೂರಿನಲ್ಲಿ ಮೈಸೂರು ಛಾಯಾಗ್ರಹಣ ಸಂಘ ಹುಟ್ಟಿತು. ಅದರ ಕಾರ್ಯಕರ್ತರಲ್ಲಿ ಪ್ರಮುಖರಾಗಿದ್ದ ಜಿ. ಥಾಮಸ್ ಭಾರತದ ಛಾಯಾಗ್ರಹಣದ ಇತಿಹಾಸವನ್ನು 1981ರಲ್ಲಿ ಪುಸ್ತಕವಾಗಿ ತಂದರು.

ಹಳೆಯ ಹವ್ಯಾಸಿಗಳ ಚಿತ್ರಗಳನ್ನು ಇಂದು ಹೇಗೆ ಬಳಸಬಹುದೆಂಬುದಕ್ಕೆ ಗದಗದ ಮೂಡಣಕ್ಕೆ ದೂರವಿಲ್ಲದ ಹಂಪಿಯೇ ಮಾದರಿ. ಅಲ್ಲಿ 1856ರಲ್ಲಿ ಮದ್ರಾಸ್ ಸೇನೆಯ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಮೇಣದ ಕಾಗದದ ದೊಡ್ಡ ನೆಗೆಟಿವ್‌ಗಳು 1980ರ ಸುಮಾರಿಗೆ ಮತ್ತೆ ಬೆಳಕಿಗೆ ಬಂದಾಗ, ಆಸ್ಟ್ರೇಲಿಯದ ವಾಸ್ತುಛಾಯಾಗ್ರಾಹಕ ಜಾನ್ ಗೋಲಿಂಗ್ಸ್ 1983ರಲ್ಲಿ ಅದೇ ಜಾಗಗಳಲ್ಲಿ ನಿಂತು ಅದೇ ನೋಟಗಳನ್ನು ಮತ್ತೆ ತೆಗೆದರು. ಎರಡನ್ನೂ ಜೊತೆಗಿಟ್ಟು ನೋಡಿದಾಗ ಬಿದ್ದ ಕಂಬ, ಕುಸಿದ ಗಾರೆ, ಇಲಾಖೆ ಕಟ್ಟಿದ ಊರೆಗೋಡೆ ಎಲ್ಲವೂ ಲೆಕ್ಕಕ್ಕೆ ಸಿಕ್ಕವು. ಗದಗ, ಲಕ್ಕುಂಡಿ, ಡಂಬಳಗಳಿಗೂ ಇಂಥ ಕೆಲಸ ಆಗಬೇಕು; ಮೂಲಚಿತ್ರಗಳ ಪ್ರತಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಇವೆ, ಗುಡಿಗಳು ನಿಂತ ಜಾಗದಲ್ಲಿಯೇ ಇವೆ, ಕೈಫೋನು ಹಿಡಿದ ಹವ್ಯಾಸಿಗಳಿಗೆ ಕೊರತೆಯಿಲ್ಲ. ಹೋಲಿಕೆ ನ್ಯಾಯವಾಗಬೇಕಾದರೆ ಹಳೆಯ ಚಿತ್ರದಲ್ಲಿನ ನೆರಳಿನ ಕೋನದಿಂದ ತಿಂಗಳನ್ನೂ ಹೊತ್ತನ್ನೂ ಮೊದಲು ಲೆಕ್ಕಹಾಕಿ, ಆ ಹೊತ್ತಿಗೇ ಅಲ್ಲಿ ನಿಲ್ಲಬೇಕು. ಬಡಗಣ ಗೋಡೆಗಳಿಗಾದರೆ ಹಳೆಯವರು ಬರಲಾಗದ ಕಾಲವನ್ನು, ಎಂದರೆ ಮೇ ತಿಂಗಳಿನ ಬೆಳಗು ಸಂಜೆಗಳನ್ನು ಆರಿಸಿಕೊಂಡು, ಅದೇ ಅಂಗಳದ ಶಾಸನಕಲ್ಲನ್ನೂ ಅದೇ ಕಡತಕ್ಕೆ ಸೇರಿಸಬೇಕು.